ಸ್ನೇಹ ಉಳಿಯಬೇಕೆಂದರೆ ಧರ್ಮದ ಮಾತು ಬಿಡಬೇಕೇ?

ಪ್ರಶ್ನೆ: ನಾವು ಕಾಸರಗೋಡಿನ ಕುಂಬಳೆ ಕಡೆಯ ನಾಲ್ವರು ಗೆಳೆಯರು. ಒಂದೇ ಕನ್ನಡ ಶಾಲೆಯಲ್ಲಿ ಓದಿದವರು. ಈಗ ನಿವೃತ್ತರಾಗಿ ಸಂಜೆ ಹೊತ್ತು ಗ್ರಂಥಾಲಯದ ಜಗಲಿಯಲ್ಲಿ ಸೇರುತ್ತೇವೆ. ಒಬ್ಬರು ಬ್ಯಾರಿ ಮುಸ್ಲಿಮರು, ಒಬ್ಬರು ಕೊಂಕಣಿ ಕ್ರೈಸ್ತರು, ನಾವಿಬ್ಬರು ಹಿಂದೂಗಳು. ಅಡಿಕೆ ಧಾರಣೆ, ಮಕ್ಕಳ ಮದುವೆ, ಯಕ್ಷಗಾನ ಎಲ್ಲ ಮಾತಾಡುತ್ತೇವೆ, ಧರ್ಮದ ಮಾತು ಮಾತ್ರ ಯಾವತ್ತೂ ಎತ್ತಿದವರಲ್ಲ. ಕಳೆದ ತಿಂಗಳು ವಾಟ್ಸಾಪಿನಲ್ಲಿ ಬಂದ ಟಿಪ್ಪುವಿನ ಒಂದು ವೀಡಿಯೊದಿಂದ ಮಾತಿಗೆ ಮಾತು ಬೆಳೆಯಿತು. ಬ್ಯಾರಿ ಗೆಳೆಯರು ಅಂದಿನಿಂದ ಬರುತ್ತಿಲ್ಲ. "ಧರ್ಮ, ರಾಜಕೀಯ ಬಿಟ್ಟು ಬೇರೆ ಏನಾದರೂ ಮಾತಾಡಿ" ಎಂದು ನನ್ನ ಮಗ ಹೇಳುತ್ತಾನೆ. ನನಗೆ ಹಾಗನಿಸುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅವರ ನಂಬಿಕೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲವಲ್ಲ ಎಂಬ ಬೇಸರವಿದೆ. ಸ್ನೇಹ ಕೆಡದ ಹಾಗೆ ಧರ್ಮದ ಬಗ್ಗೆ ಮಾತಾಡಲು ಆಗುತ್ತದೆಯೇ? ಎಲ್ಲರೂ ಒಪ್ಪಿ ನಿಲ್ಲಬಹುದಾದ ನೆಲೆ ಎಂಬುದು ಇದೆಯೇ? ಉಸ್ತಾದರು, ಪಾದ್ರಿಗಳು, ತಂತ್ರಿಗಳನ್ನು ಕರೆಸಿ ಒಂದು ಸಭೆ ಮಾಡುವುದು ಒಳ್ಳೆಯದೇ?

ಉತ್ತರ: ಮೊದಲು ನಿಮ್ಮ ಬ್ಯಾರಿ ಗೆಳೆಯರ ಮನೆಗೆ ಹೋಗಿ. ಫೋನು ಬೇಡ, ಗುಂಪಿಗೆ ಸಂದೇಶ ಹಾಕುವುದೂ ಬೇಡ. ಮೂವರೂ ಒಟ್ಟಿಗೆ ಹೋದರೆ ಪಂಚಾಯಿತಿಕೆಗೆ ಬಂದ ಹಾಗೆ ಕಾಣುತ್ತದೆ, ಆದ್ದರಿಂದ ನೀವೊಬ್ಬರೇ ಹೋಗಿ. ವೀಡಿಯೊದಲ್ಲಿ ಇದ್ದದ್ದು ಸರಿಯೋ ತಪ್ಪೋ ಎಂಬ ಮಾತನ್ನು ನೀವಾಗಿ ಎತ್ತಬೇಡಿ. "ಆ ದಿನ ನಿನಗೆ ಬೇಜಾರಾಯಿತು. ನೀನಿಲ್ಲದೆ ಕೂತುಕೊಳ್ಳುವುದು ನಮಗೆ ಸರಿ ಬರುತ್ತಿಲ್ಲ, ನಾಳೆ ಬಾ" ಎಂದಿಷ್ಟು ಹೇಳಿದರೆ ಸಾಕು. ಉಳಿದದ್ದೆಲ್ಲ ಅವರು ಬಂದ ಮೇಲೆ. ಅವರನ್ನು ಹೊರಗಿಟ್ಟು ನೀವು ಮೂವರು ಕೂತು ಇಸ್ಲಾಮಿನ ಬಗ್ಗೆ ಎಷ್ಟು ಒಳ್ಳೆಯ ಮಾತಾಡಿದರೂ ಅದು ಸಂವಾದವಾಗುವುದಿಲ್ಲ.

ಮಗನ ಸಲಹೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. ನಮ್ಮ ಕಡೆ ಹಿರಿಯರು ಹೆಚ್ಚಾಗಿ ಹಾಗೆಯೇ ಬಾಳಿದರು. ಮಾಪಿಳ್ಳೆ ಮುಸ್ಲಿಮರ ಅಂಗಡಿಗೆ ಅಡಿಕೆ ಹಾಕಿದರು, ಇಗರ್ಜಿಯ (ಚರ್ಚಿನ) ಶಾಲೆಗೆ ಮಕ್ಕಳನ್ನು ಕಳಿಸಿದರು, ದೈವದ ಕೋಲಕ್ಕೆ ಊರಿನವರನ್ನೆಲ್ಲ ಕರೆದರು, ದೇವರ ವಿಷಯವನ್ನು ಮಾತ್ರ ಅವರವರ ಮನೆಗೆ ಬಿಟ್ಟರು. ಅದರಲ್ಲಿ ಒಂದು ಮರ್ಯಾದೆ ಇತ್ತು, ನಾನು ಅದನ್ನು ಗೌರವಿಸುತ್ತೇನೆ. ಆದರೆ ಇವತ್ತು ನೀವು ಮಾತಾಡದೆ ಬಿಟ್ಟ ಜಾಗದಲ್ಲಿ ಫೋನು ಮಾತಾಡುತ್ತದೆ. ಬೆಂಚಿನಲ್ಲಿ ಪಕ್ಕ ಕೂತು ಓದಿದ ಗೆಳೆಯನ ನಂಬಿಕೆಯ ಬಗ್ಗೆ ನಿಮಗೆ ತಿಳಿದಿರುವುದೆಲ್ಲ ಎಲ್ಲಿಯೋ ಕೂತ ಅಪರಿಚಿತರು ತಯಾರಿಸಿದ ಎರಡು ನಿಮಿಷದ ವೀಡಿಯೊದಿಂದ ಎಂದಾದರೆ, ಆ ಹಳೆಯ ಮೌನ ಇನ್ನು ಸ್ನೇಹವನ್ನು ಕಾಯಲಾರದು. ಮಾತಾಡಬೇಕು ಎಂಬ ನಿಮ್ಮ ಅನಿಸಿಕೆ ಸರಿ.

ಹೇಗೆ ಎಂಬುದಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತ, ಆಮೇಲೆ ಗಡಿನಾಡಿನ ಊರುಗಳಲ್ಲಿ ಇಂಥ ಮಾತುಕತೆಗೆ ನೆರವಾಗುತ್ತ ನಾನು ಮತ್ತೆ ಮತ್ತೆ ಕಂಡದ್ದು ಇದು: ಜಗಳವಾಡಿ ಮಾತು ನಿಂತದ್ದಕ್ಕಿಂತ ಬೇಗನೆ ಒಪ್ಪಿಬಿಟ್ಟು ಮಾತು ನಿಂತದ್ದೇ ಹೆಚ್ಚು. "ಕೊನೆಗೂ ಎಲ್ಲ ಧರ್ಮ ಹೇಳುವುದು ಒಂದೇ ಅಲ್ಲವಾ?" ಎಂದು ಒಬ್ಬರು ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಒಂದೇ ಆಗಿದ್ದರೆ ಇನ್ನು ಕೇಳುವುದಕ್ಕೆ ಏನಿದೆ? ಹಿಂದೂಗಳಾದ ನಾವು ಈ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ದೇವರು ಒಬ್ಬನೇ, ಮುಹಮ್ಮದರು ಅವನ ಕೊನೆಯ ಪ್ರವಾದಿ ಎಂಬುದೇ ನಂಬಿಕೆಯ ತಿರುಳಾಗಿರುವ ಮುಸ್ಲಿಮನಿಗೆ, ಯೇಸು ಸತ್ತು ಮೂರನೆಯ ದಿನ ಎದ್ದುಬಂದ ಎಂಬುದರ ಮೇಲೆಯೇ ಬದುಕು ಕಟ್ಟಿಕೊಂಡ ಕ್ರೈಸ್ತನಿಗೆ, ತನಗೆ ಜೀವಕ್ಕಿಂತ ಹೆಚ್ಚಾದದ್ದನ್ನು ಬದಿಗೆ ಸರಿಸಿದ ಹಾಗೆ ಆ ಮಾತು ಕೇಳಿಸಬಹುದು. ಅವರು ಸೌಜನ್ಯದಿಂದ ಸುಮ್ಮನಿರುತ್ತಾರೆ, ಅಷ್ಟೇ. ನೀವು ಕೇಳಿದ ಒಪ್ಪಿಗೆಯ ನೆಲೆ ಖಂಡಿತ ಇದೆ. ವ್ಯತ್ಯಾಸಗಳನ್ನು ಬಾಯಿಬಿಟ್ಟು ಹೇಳಿ, ಕೇಳಿ, ಅವನ್ನು ಅಲ್ಲಿಯೇ ಇರಗೊಟ್ಟ ಮೇಲೆ ಅದು ಸಿಗುತ್ತದೆ. ಅದಕ್ಕೆ ಮೊದಲು ಸಿಕ್ಕಿತೆಂದುಕೊಂಡದ್ದು ಮೊದಲ ವೀಡಿಯೊಗೇ ಕುಸಿಯುತ್ತದೆ, ನಿಮ್ಮ ಜಗಲಿಯಲ್ಲಿ ಆದ ಹಾಗೆ.

ಸಿದ್ಧಾಂತದಿಂದ ಶುರು ಮಾಡಬೇಡಿ. ದಿನದ ಆಚರಣೆಯಿಂದ ಶುರು ಮಾಡಿ. ನನ್ನ ಅನುಭವದಲ್ಲಿ ಉಪವಾಸದಷ್ಟು ಒಳ್ಳೆಯ ಮೊದಲ ವಿಷಯ ಬೇರೊಂದಿಲ್ಲ. ನಾಲ್ವರಲ್ಲಿ ಎಲ್ಲರಿಗೂ ಹಸಿವಿನ ಅನುಭವವಿದೆ, ಅಮ್ಮನ ನೆನಪಿದೆ. ನಿಮ್ಮ ಮನೆಯಲ್ಲಿ ಏಕಾದಶಿಗೆ ಅನ್ನ ಬಿಡುತ್ತಿದ್ದವರು ಯಾರು, ದ್ವಾದಶಿ ಬೆಳಿಗ್ಗೆ ಪಾರಣೆಗೆ ಏನು ಮಾಡುತ್ತಿದ್ದರು, ನೀರನ್ನೂ ಮುಟ್ಟದೆ ಕೂರುತ್ತಿದ್ದ ಅಜ್ಜಿ ಇದ್ದರೇ ಎಂದು ನೀವು ಹೇಳಿ. ನಿಮ್ಮ ಗೆಳೆಯರು ರಂಜಾನಿನ ನೋಂಬಿನ ಬಗ್ಗೆ ಹೇಳಲಿ: ನಸುಕಿಗೆ ಮೊದಲು ಎದ್ದು ಉಣ್ಣುವುದು, ಸಂಜೆಯ ಬಾಂಗಿಗೆ ಖರ್ಜೂರ ಬಾಯಿಗಿಡುವುದು, ಮೊದಲ ನೋಂಬು ಹಿಡಿದಾಗ ಎಷ್ಟು ವಯಸ್ಸು, ನಡುವೆ ಕದ್ದು ನೀರು ಕುಡಿದದ್ದುಂಟೇ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಕುರ್‌ಆನ್ ವಿನಾಯಿತಿ ಕೊಟ್ಟು, ಬಿಟ್ಟ ದಿನಗಳನ್ನು ಆಮೇಲೆ ಪೂರೈಸಲು ಹೇಳುತ್ತದೆ ಎಂಬುದು ಎಷ್ಟೋ ಹಿಂದೂಗಳಿಗೆ ಗೊತ್ತಿಲ್ಲ. ನಿಮ್ಮ ಕ್ರೈಸ್ತ ಗೆಳೆಯರಲ್ಲಿ ವಿಭೂತಿ ಬುಧವಾರದಿಂದ ಈಸ್ಟರಿನ ತನಕ ನಡೆಯುವ ತಪಸ್ಸಿನ ಕಾಲದ ಬಗ್ಗೆ ಕೇಳಿ. ಶುಕ್ರವಾರಗಳಂದು ಮಾಂಸ ಬಿಡುವುದು, ಶುಭ ಶುಕ್ರವಾರದ ಉಪವಾಸ. ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ, ಏಕೆ ಎಂದು ಕೇಳಿಲ್ಲ.

ಈಗ ಚಂದ್ರನ ಮಾತು ತನ್ನಿಂದ ತಾನೇ ಬರುತ್ತದೆ. ಇಸ್ಲಾಮಿನ ಹಿಜರಿ ವರ್ಷ ಪೂರ್ತಿ ಚಂದ್ರನದ್ದು, ಸುಮಾರು 354 ದಿನ. ಆದ್ದರಿಂದ ರಂಜಾನ್ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಮಳೆ, ಚಳಿ, ಸೆಕೆ ಎಲ್ಲವನ್ನೂ ದಾಟಿ ಬರುತ್ತದೆ. ನಮ್ಮ ಚಾಂದ್ರಮಾನದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸುವುದರಿಂದ ಹಬ್ಬಗಳು ಋತು ಬಿಟ್ಟು ಹೋಗುವುದಿಲ್ಲ. ಈಸ್ಟರ್ ಸಹ ಚಂದ್ರನನ್ನು ನೋಡಿಯೇ ಬರುತ್ತದೆ: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಮೂವರ ಪಂಚಾಂಗವೂ ಒಂದೇ ಚಂದ್ರನದ್ದು, ಲೆಕ್ಕ ಮಾತ್ರ ಬೇರೆ. ಇದನ್ನು ಕೂತು ಲೆಕ್ಕ ಹಾಕಿದರೆ ಒಂದು ಸಂಜೆ ಸಾಲದು.

ಆದರೆ ಇಲ್ಲಿಗೆ ನಿಲ್ಲಿಸಬೇಡಿ, "ನೋಡಿ, ಮೂವರೂ ಉಪವಾಸ ಮಾಡುತ್ತೇವೆ" ಎಂದು ಖುಷಿಪಟ್ಟು ಎದ್ದುಬಿಡಬೇಡಿ. ಯಾಕೆ ಮಾಡುತ್ತೀರಿ ಎಂದು ಕೇಳಿ. ರಂಜಾನ್ ಕುರ್‌ಆನ್ ಅವತರಿಸಿದ ತಿಂಗಳು, ಅದರ ನೋಂಬು ದೇವರ ಆಜ್ಞೆ. ಕ್ರೈಸ್ತರ ನಲವತ್ತು ದಿನ ಯೇಸು ಅರಣ್ಯದಲ್ಲಿ ಉಪವಾಸವಿದ್ದುದರ ನೆನಪು, ಶಿಲುಬೆಯ ಕಡೆಗೆ ನಡೆಯುವ ದಾರಿ. ಏಕಾದಶಿ ವಿಷ್ಣುವಿನ ದಿನ, ಒಂದು ವ್ರತ. ಹಿಡಿದವರು ಹಿಡಿಯುತ್ತಾರೆ, ಬಿಟ್ಟವರನ್ನು ಯಾರೂ ಕೇಳುವುದಿಲ್ಲ. ಹೊರಗಿನಿಂದ ಒಂದೇ ಥರ ಕಂಡದ್ದರ ಒಳಗೆ ಮೂರು ಬೇರೆ ಬೇರೆ ಮನಸ್ಸುಗಳಿವೆ. ಗೆಳೆಯನ ಆ ಮನಸ್ಸು ತಿಳಿದಾಗ ಅವನು ನಿಮಗೆ ಹೊಸದಾಗಿ ಹತ್ತಿರವಾಗುತ್ತಾನೆ.

ನಮ್ಮ ಕಡೆಯದೇ ಇನ್ನೊಂದು ವಿಷಯ ತೆನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕೊಂಕಣಿ ಕ್ರೈಸ್ತರು ಇಗರ್ಜಿಯಲ್ಲಿ ಹರಸಿದ ಹೊಸ ತೆನೆ ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ, ಆ ದಿನ ಮೀನು ಮಾಂಸವಿಲ್ಲದೆ ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸಕ್ಕಿ ಊಟ ಮಾಡುತ್ತಾರೆ. ಒಬ್ಬರಿಗೆ ಅದು ಮರಿಯಮ್ಮನವರ ಜನ್ಮದಿನ, ಇನ್ನೊಬ್ಬರಿಗೆ ಮನೆದೇವರ, ಹಿರಿಯರ ಪ್ರೀತಿಗೆ. ಗದ್ದೆ ಒಂದೇ. ಈಗ ಆ ಗದ್ದೆಗಳೇ ಅಡಿಕೆ ತೋಟವಾಗಿವೆ, ತೆನೆಯನ್ನು ಎಲ್ಲಿಂದಲೋ ತರಿಸಬೇಕಾಗಿದೆ ಎಂಬ ಚಿಂತೆಯೂ ಇಬ್ಬರದ್ದು.

ವ್ಯತ್ಯಾಸ ಇಟ್ಟುಕೊಂಡೇ ಹತ್ತಿರವಾಗುವುದು ಹೇಗೆ ಎಂಬುದಕ್ಕೆ ನಿಮ್ಮ ಹತ್ತಿರವೇ ಮಾದರಿ ಇದೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು ದೈವ ಮೈಮೇಲೆ ಬರುವ ಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುತ್ತಾರೆ. ಮಸೀದಿಯ ಹಿರಿಯರು ಅವರನ್ನು ಬರಮಾಡಿಕೊಳ್ಳುತ್ತಾರೆ. ಅಲ್ಲಿ ಯಾರೂ "ದೈವವೂ ಅಲ್ಲಾಹನೂ ಒಂದೇ" ಎಂದು ಭಾಷಣ ಮಾಡುವುದಿಲ್ಲ. ಮಸೀದಿಯವರು ದೈವವನ್ನು ಪೂಜಿಸಬೇಕೆಂದು ದೈವಸ್ಥಾನದವರು ಬಯಸುವುದಿಲ್ಲ, ದೈವಸ್ಥಾನದವರು ನಮಾಜು ಮಾಡಬೇಕೆಂದು ಮಸೀದಿಯವರೂ ಕೇಳುವುದಿಲ್ಲ. ನಿನಗೆ ಹೇಳದೆ ನನ್ನ ಉತ್ಸವ ಇಲ್ಲ ಎನ್ನುವುದಷ್ಟೇ ಅಲ್ಲಿನ ನಡೆ. ಇದನ್ನು ಟಿವಿಯವರು ತೋರಿಸುವ ಸೌಹಾರ್ದದ ಚಿತ್ರವಾಗಿ ನೋಡಬೇಡಿ. ಎರಡೂ ಕಡೆಯ ಹಿರಿಯರು ಸಂಬಂಧವನ್ನು ಕಾದುಕೊಂಡು ಬಂದ ಕ್ರಮವಾಗಿ ನೋಡಿ.

ಮಾತಿನ ನಡತೆಯ ಬಗ್ಗೆ ನಾನು ಎಲ್ಲ ಕಡೆ ಹೇಳುವ ಮೂರು ಮಾತುಗಳು ಸ್ವೀಡನ್ನಿನ ಕ್ರೈಸ್ತ ವಿದ್ವಾಂಸ, ಬಿಷಪ್ ಕ್ರಿಸ್ಟರ್ ಸ್ಟೆಂಡಾಲ್ ಅವರದ್ದು. 1985ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾರ್ಮನ್ ಪಂಥದವರು ದೇವಾಲಯ ಕಟ್ಟುವುದಕ್ಕೆ ವಿರೋಧ ಬಂದಾಗ ಅವರು ಹೇಳಿದ್ದು. ಒಂದು ಧರ್ಮದ ಬಗ್ಗೆ ತಿಳಿಯಬೇಕಾದರೆ ಅದನ್ನು ಪಾಲಿಸುವವರನ್ನೇ ಕೇಳಿ, ಅದರ ವಿರೋಧಿಗಳನ್ನಲ್ಲ. ನಿಮ್ಮಲ್ಲಿನ ಅತ್ಯುತ್ತಮವನ್ನು ಅವರಲ್ಲಿನ ಅತಿ ಕೆಟ್ಟದ್ದರ ಜೊತೆ ಹೋಲಿಸಬೇಡಿ. ಅವರಲ್ಲಿ ಇರುವುದನ್ನು ಕಂಡು, ಇದು ನಮ್ಮಲ್ಲಿಯೂ ಇದ್ದಿದ್ದರೆ ಎಂದು ಆಸೆಪಡುವುದಕ್ಕೆ ಮನಸ್ಸಿನಲ್ಲಿ ಜಾಗ ಇಟ್ಟುಕೊಳ್ಳಿ. ಎರಡನೆಯದನ್ನು ನಾವೆಲ್ಲ ದಿನವೂ ಮುರಿಯುತ್ತೇವೆ. ಉಪನಿಷತ್ತನ್ನು ಎತ್ತಿ ಹಿಡಿದು, ಎಲ್ಲಿಯೋ ಬಾಂಬು ಹಾಕಿದವನ ಜೊತೆ ತೂಗಿ ನೋಡುತ್ತೇವೆ. ಅವರೂ ಕುರ್‌ಆನಿನ ಕರುಣೆಯ ವಾಕ್ಯವನ್ನು ನಮ್ಮ ಅಸ್ಪೃಶ್ಯತೆಯ ಜೊತೆ ತೂಗುತ್ತಾರೆ. ತೂಗುವುದಾದರೆ ಗ್ರಂಥಕ್ಕೆ ಗ್ರಂಥ, ನಡತೆಗೆ ನಡತೆ.

ಇದು ಹೊರಗಿನಿಂದ ಬಂದ ಬುದ್ಧಿವಾದ ಎನಿಸಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಅಶೋಕನ ದೊಡ್ಡ ಬಂಡೆ ಶಾಸನಗಳಲ್ಲಿ ಹನ್ನೆರಡನೆಯದೂ ಅದರಲ್ಲಿದೆ. ಅದೇ ಶಾಸನ ಆಂಧ್ರದ ಗಡಿಯಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೂ ಇದೆ. ಅಶೋಕ ಅಲ್ಲಿ ಹೇಳುವುದು ಮಾತಿನ ಸಂಯಮದ ಬಗ್ಗೆ: ತನ್ನ ಪಂಥದ ಮೇಲಿನ ಅಭಿಮಾನದಿಂದ ಅದನ್ನು ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು. ಗೀತೆಯ ಹದಿನೇಳನೆಯ ಅಧ್ಯಾಯ "ಅನುದ್ವೇಗಕರಂ ವಾಕ್ಯಂ ಸತ್ಯಂ ಪ್ರಿಯಹಿತಂ ಚ ಯತ್" ಎಂದು, ಕೇಳುವವರನ್ನು ಕೆರಳಿಸದ, ನಿಜವೂ ಹಿತವೂ ಆದ ಮಾತನ್ನು ತಪಸ್ಸಿನ ಲೆಕ್ಕಕ್ಕೆ ಸೇರಿಸುತ್ತದೆ. ಹಿಂದಿನ ಗ್ರಂಥಗಳನ್ನು ಪಡೆದವರ ಜೊತೆ ವಾದ ಮಾಡುವುದಾದರೆ ಅತ್ಯುತ್ತಮ ರೀತಿಯಲ್ಲಿ ಮಾತ್ರ ಮಾಡಿ ಎಂದು ಕುರ್‌ಆನಿನ ಇಪ್ಪತ್ತೊಂಬತ್ತನೆಯ ಅಧ್ಯಾಯ ಹೇಳುತ್ತದೆ. ಇವನ್ನು ನಾಲ್ವರೂ ಒಂದು ಸಂಜೆ ಒಟ್ಟಿಗೆ ಓದಿ, ಆದರೆ ಅವರವರ ಗ್ರಂಥವನ್ನು ಅವರವರೇ ಓದಿ ಹೇಳಲಿ.

ಇನ್ನು ಟಿಪ್ಪು. ನೀವು ಆರಂಭಿಸಿದ್ದೇ ಅತ್ಯಂತ ಕಷ್ಟದ ಜಾಗದಿಂದ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಜಗಲಿಯಲ್ಲಿ ಇರುವುದು ಒಬ್ಬ ಟಿಪ್ಪು ಅಲ್ಲ. ಕ್ರೈಸ್ತ ಗೆಳೆಯರ ಮನೆಯಲ್ಲಿ 1784ರ ನೆನಪಿದೆ. ಆ ವರ್ಷ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಬ್ಯಾರಿ ಗೆಳೆಯರಿಗೆ ಅವನು ಇಂಗ್ಲಿಷರಿಗೆ ತಲೆಬಾಗದೆ 1799ರ ಮೇ 4ರಂದು ಕೋಟೆಯ ಬಾಗಿಲಲ್ಲಿ ಕಾದಾಡುತ್ತ ಸತ್ತ ಶಹೀದ. ನಿಮಗೆ ಕಾಸರಗೋಡಿನ ಬಳಿಯ ಮಧೂರಿನ ಕಥೆ ಗೊತ್ತಿದೆ: ದೇವಸ್ಥಾನದ ಮೇಲೆ ದಂಡೆತ್ತಿ ಬಂದವನು ಅಲ್ಲಿಯ ಬಾವಿಯ ನೀರು ಕುಡಿದು ಮನಸ್ಸು ಬದಲಾಯಿಸಿ ಹಿಂದಿರುಗಿದ, ಬಂದ ಗುರುತಿಗೆ ಕತ್ತಿಯಿಂದ ಒಂದು ಗೆರೆ ಹಾಕಿದ ಎಂಬ ಪ್ರತೀತಿ. ಶೃಂಗೇರಿಗೆ ಹೋದರೆ ಬೇರೆಯೇ ಮಾತು. 1791ರಲ್ಲಿ ಮರಾಠ ಸೈನ್ಯದ ದಂಡು ಮಠವನ್ನು ದೋಚಿದಾಗ ಟಿಪ್ಪು ಸ್ವಾಮಿಗಳಿಗೆ ಕಾಗದ ಬರೆದು ನೆರವು ಕೊಟ್ಟ. ಆ ಕಾಗದಗಳನ್ನು 1916ರಲ್ಲಿ ಮೈಸೂರಿನ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು.

ಇವುಗಳಲ್ಲಿ ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಶೃಂಗೇರಿಯ ಕಾಗದ ತೋರಿಸಿ ಕ್ರೈಸ್ತ ಗೆಳೆಯನ ಹಿರಿಯರ ಸಾವನ್ನು ಇಲ್ಲವಾಗಿಸಲು ಬರುವುದಿಲ್ಲ. ಆ ಸಾವುಗಳನ್ನು ಎತ್ತಿ ಹೇಳಿ, ಎರಡು ಶತಮಾನದ ಆಮೇಲೆ ಆರಿಕ್ಕಾಡಿಯಲ್ಲೋ ಉಪ್ಪಳದಲ್ಲೋ ಹುಟ್ಟಿದ ಒಬ್ಬ ಬ್ಯಾರಿಯಿಂದ ಲೆಕ್ಕ ಕೇಳುವುದೂ ಅನ್ಯಾಯ. "ಅವನು ಒಳ್ಳೆಯವನೋ ಕೆಟ್ಟವನೋ" ಎಂಬ ಪ್ರಶ್ನೆ ನಾಲ್ವರನ್ನು ಎರಡು ಪಕ್ಷ ಮಾಡುತ್ತದೆ. ಅದರ ಬದಲು "ನಿಮ್ಮ ಮನೆಯಲ್ಲಿ ಅವನ ಬಗ್ಗೆ ಹಿರಿಯರು ಏನು ಹೇಳುತ್ತಿದ್ದರು?" ಎಂದು ಕೇಳಿ ನೋಡಿ. ಒಬ್ಬರು ಹೇಳುವಾಗ ಉಳಿದವರು ತಿದ್ದಬಾರದು, ಆಧಾರ ಕೇಳಬಾರದು. ಆಧಾರ ಕೇಳುವುದಕ್ಕೆ ಇತಿಹಾಸದ ತರಗತಿ ಇದೆ. ಜಗಲಿಯಲ್ಲಿ ನೀವು ಕೇಳುತ್ತಿರುವುದು ಗೆಳೆಯನ ಮನೆಯ ನೆನಪನ್ನು. ಒಬ್ಬರ ನೋವು ಇನ್ನೊಬ್ಬರ ಹೆಮ್ಮೆಯ ಎದುರು ಕೂರುವ ಈ ಮಾತು ಸುಲಭವಲ್ಲ. ಆದ್ದರಿಂದ ಇದನ್ನು ಗೆಳೆಯರು ಮರಳಿ ಬಂದ ಮೊದಲ ವಾರವೇ ಎತ್ತಬೇಡಿ. ಉಪವಾಸ, ತೆನೆ, ಮದುವೆ, ಮರಣದ ಕ್ರಮ ಇವನ್ನೆಲ್ಲ ಮಾತಾಡಿ ಮನಸ್ಸು ಹದಗೊಂಡ ಮೇಲೆ, ನಾಲ್ವರೂ ಒಪ್ಪಿದರೆ ಮಾತ್ರ ಎತ್ತಿ. ಒಬ್ಬರು ಬೇಡ ಎಂದರೂ ಬಿಟ್ಟುಬಿಡಿ. ಮತಾಂತರ, ಗೋಮಾಂಸ, ಬೇರೆ ಧರ್ಮದವರನ್ನು ಮದುವೆಯಾದ ಮಕ್ಕಳು, ಇವುಗಳಿಗೂ ಇದೇ ಕ್ರಮ. ವಾಟ್ಸಾಪಿನಲ್ಲಂತೂ ಇಂಥ ವಿಷಯ ಎಂದಿಗೂ ಬೇಡ. ಎದುರಿಗಿರುವವರ ಮುಖ ಕಾಣದ ಕಡೆ ನೋವಿನ ಮಾತು ಆಡಬಾರದು.

ಇನ್ನೊಂದು ಎಚ್ಚರ. ತನ್ನ ಸಮುದಾಯದ ಕೊರತೆಯನ್ನು ಹೇಳುವ ಹಕ್ಕು ಮೊದಲು ಅದರ ಒಳಗಿನವರದ್ದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಮುಸ್ಲಿಂ ಹೆಣ್ಣುಮಕ್ಕಳ ಸಂಕಟವನ್ನು ಕನ್ನಡದಲ್ಲಿ ಬರೆದು ತಮ್ಮವರಿಂದಲೇ ಎದುರುಮಾತು ಕೇಳಿದರು. ಆ ಧೈರ್ಯ ಅವರದ್ದು. ನಿಮ್ಮ ಗೆಳೆಯರು ನಂಬಿಕೆಯಿಟ್ಟು "ನಮ್ಮಲ್ಲಿ ಇದೊಂದು ಸರಿಯಿಲ್ಲ" ಎಂದು ಹೇಳಿದ ದಿನ ಅದನ್ನು ಕೇಳಿ ಸುಮ್ಮನಿರಿ. ನಾಳೆ ವಾದದಲ್ಲಿ ಅದನ್ನು ಎತ್ತಿ ಅವರ ಮೇಲೆಯೇ ಪ್ರಯೋಗಿಸಿದರೆ ಇನ್ನೊಮ್ಮೆ ಅವರು ಬಾಯಿ ಬಿಡುವುದಿಲ್ಲ. ಅದಕ್ಕೆ ಸರಿಯಾದ ಉತ್ತರ ನಿಮ್ಮ ಕಡೆಯ ಒಂದು ಕೊರತೆಯನ್ನು ನೀವೇ ಹೇಳುವುದು.

ಮಂಜೇಶ್ವರದ ಗೋವಿಂದ ಪೈಗಳನ್ನು ನೆನಪಿಸಿಕೊಳ್ಳಿ. ಗೌಡ ಸಾರಸ್ವತ ಮನೆತನದ ವೈಷ್ಣವರು. ಅವರು ಯೇಸುವಿನ ಕೊನೆಯ ದಿನದ ಬಗ್ಗೆ "ಗೊಲ್ಗೊಥಾ", ಬುದ್ಧನ ಕೊನೆಯ ದಿನಗಳ ಬಗ್ಗೆ "ವೈಶಾಖಿ" ಎಂಬ ಖಂಡಕಾವ್ಯಗಳನ್ನು ಬರೆದರು. ಅದಕ್ಕಾಗಿ ಅವರು ಕ್ರೈಸ್ತರೂ ಆಗಲಿಲ್ಲ, ಬೌದ್ಧರೂ ಆಗಲಿಲ್ಲ, ಯೇಸುವನ್ನು ಹಿಂದೂ ಅವತಾರವಾಗಿ ಮಾಡಿ ಒಳಗೆ ಸೇರಿಸಿಕೊಳ್ಳಲೂ ಇಲ್ಲ. ಆ ಧರ್ಮದವರು ಓದಿದರೆ ಇದು ನಮ್ಮದೇ ಎನ್ನುವ ಹಾಗೆ ಓದಿ ತಿಳಿದು ಬರೆದರು. ಬೇರೆಯವರ ಧರ್ಮದ ಮೇಲೆ ಪ್ರೀತಿ ಎಂದರೆ ಹೀಗೆ ಕಷ್ಟಪಟ್ಟು ಕಲಿಯುವ ಪ್ರೀತಿ ಎಂದು ನಾನು ನಂಬುತ್ತೇನೆ. ನಿಮ್ಮ ಗ್ರಂಥಾಲಯದಲ್ಲಿ ಆ ಕಾವ್ಯ ಇರಬಹುದು. ನಾಲ್ವರೂ ಸೇರಿ ಓದುವುದಾದರೆ ಅದಕ್ಕಿಂತ ಒಳ್ಳೆಯದು ತೋಚುವುದಿಲ್ಲ.

ಊಟದ ಮಾತು ಚಿಕ್ಕದೆಂದು ತೋರಬಹುದು, ಆದರೆ ಮನಸ್ಸು ಮುರಿಯುವುದು ಇಲ್ಲಿಯೇ. ನೀವು ಕೊಟ್ಟ ಪ್ರಸಾದವನ್ನು ಗೆಳೆಯರು ತೆಗೆದುಕೊಳ್ಳದಿದ್ದರೆ ಅದು ನಿಮಗೆ ಮಾಡಿದ ಅವಮಾನವಲ್ಲ. ಅಲ್ಲಾಹನಲ್ಲದೆ ಬೇರೆಯವರಿಗೆ ಅರ್ಪಿಸಿದ್ದನ್ನು ತಿನ್ನಬಾರದೆಂಬುದು ಅವರಿಗೆ ನಿಯಮ. ಕ್ರೈಸ್ತರಲ್ಲಿ ಈ ಪ್ರಶ್ನೆ ಮೊದಲ ಶತಮಾನದ್ದೇ. ಮೂರ್ತಿಗಳಿಗೆ ಅರ್ಪಿಸಿದ್ದನ್ನು ಉಣ್ಣಬಹುದೇ ಎಂದು ಕೊರಿಂಥದವರು ಕೇಳಿದ್ದಕ್ಕೆ ಪೌಲ ಬರೆದ ಉತ್ತರ ಬೈಬಲ್ಲಿನಲ್ಲಿದೆ. ಇವತ್ತಿಗೂ ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಇಲ್ಲ. ಹಾಗೆಯೇ ಮಾಂಸ ಬೇಯಿಸುವ ಮನೆಯಲ್ಲಿ ನಿಮಗೆ ಉಣ್ಣಲಾಗದಿದ್ದರೆ ಸುಳ್ಳು ಹೊಟ್ಟೆನೋವು ಹೇಳಬೇಡಿ. ಇದ್ದದ್ದನ್ನು ಹೇಳಿ, ಬೊಂಡ ಕುಡಿಯಿರಿ, ಹಣ್ಣು ತಿನ್ನಿ. ಉಣ್ಣದೆಯೂ ಒಂದು ಗಂಟೆ ಅವರ ಚಾವಡಿಯಲ್ಲಿ ಕೂತು ಬಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಾತಿನ ಮಿತಿಯನ್ನೂ ಹೇಳಬೇಕು. ಹಿಂದೂ-ಮುಸ್ಲಿಂ ಗಲಭೆಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿದ ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಜೋಡಿ ನಗರಗಳನ್ನು ಹೋಲಿಸಿದರು. ಅದರಲ್ಲಿ ಒಂದು ಜೋಡಿ ಅಲಿಗಢ ಮತ್ತು ನಮ್ಮ ಪಕ್ಕದ ಕೋಯಿಕ್ಕೋಡು. ಎರಡರಲ್ಲೂ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಮತ್ತೆ ಮತ್ತೆ ಗಲಭೆ, ಇನ್ನೊಂದರಲ್ಲಿ ಶಾಂತಿ. ಅವರು ಕಂಡ ಕಾರಣ: ನೆರೆಹೊರೆಯ ಸ್ನೇಹ, ಹಬ್ಬಕ್ಕೆ ಹೋಗಿಬರುವುದು ಒಳ್ಳೆಯದೇ, ಆದರೆ ದೊಡ್ಡ ಉದ್ವೇಗದ ಹೊತ್ತಿಗೆ ಅದೊಂದೇ ತಡೆಯುವುದಿಲ್ಲ. ವ್ಯಾಪಾರಿಗಳ ಸಂಘ, ಕಾರ್ಮಿಕರ ಸಂಘ, ವಾಚನಾಲಯ ಹೀಗೆ ಎರಡೂ ಕಡೆಯವರು ಸೇರಿ ನಡೆಸುವ ಸಂಸ್ಥೆಗಳು ಇದ್ದ ಕಡೆ ವದಂತಿ ಹಬ್ಬುವ ಮೊದಲೇ ಅದನ್ನು ನಿಲ್ಲಿಸಲು ಜನ ಇರುತ್ತಾರೆ. ನಿಮ್ಮ ನಾಲ್ವರ ಮಾತುಕತೆ ಜಗಲಿಯಲ್ಲಿಯೇ ಉಳಿದರೆ ಅದು ನಾಲ್ವರ ಸಂತೋಷ. ಆ ಗ್ರಂಥಾಲಯದ ಸಮಿತಿಯಲ್ಲಿ ಎಲ್ಲ ಧರ್ಮದವರೂ ಇದ್ದಾರೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಿ. ಕನ್ನಡ ಪುಸ್ತಕಗಳಿಗೆ ದುಡ್ಡು ಕೇಳುವುದಕ್ಕೆ, ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟರನ್ನು ಕೊಡಿ ಎಂದು ಒತ್ತಾಯಿಸುವುದಕ್ಕೆ ನಾಲ್ವರೂ ಒಟ್ಟಿಗೆ ಹೋಗಿ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಕಾಸರಗೋಡಿನ ಕನ್ನಡಿಗರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಆ ಕಷ್ಟ ಧರ್ಮ ನೋಡಿ ಬಂದದ್ದಲ್ಲ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಾಲವನ್ನು ನೀವು ಕಣ್ಣಾರೆ ಕಂಡಿದ್ದೀರಿ. ಎಣ್ಮಕಜೆ, ಪಡ್ರೆಯ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ ವಿಷ ಯಾರ ಮಗುವನ್ನೂ ಧರ್ಮ ಕೇಳಿ ಬಾಧಿಸಲಿಲ್ಲ. ಆ ತಾಯಂದಿರು ಒಟ್ಟಿಗೆ ಧರಣಿ ಕೂತರು. ಅಂಥ ಕಡೆ ಹುಟ್ಟಿದ ಪರಿಚಯ ಗಟ್ಟಿ. ಹೆಂಗಸರ ವಿಷಯ ಬಂದದ್ದರಿಂದ ಹೇಳುತ್ತೇನೆ, ನಿಮ್ಮ ಪತ್ರದಲ್ಲಿ ನಾಲ್ವರೂ ಗಂಡಸರು. ನಿಮ್ಮ ಮನೆಯವರು ಬಹುಶಃ ಈಗಾಗಲೇ ನಿಮಗಿಂತ ಮುಂದಿದ್ದಾರೆ. 1998ರಲ್ಲಿ ಕೇರಳದಲ್ಲಿ ಶುರುವಾದ ಕುಟುಂಬಶ್ರೀಯ ಅಯಲ್ಕೂಟಗಳಲ್ಲಿ, ಎಂದರೆ ನೆರೆಹೊರೆಯ ಗುಂಪುಗಳಲ್ಲಿ, ಹತ್ತಿಪ್ಪತ್ತು ಮನೆಯ ಹೆಂಗಸರು ವಾರವಾರ ಸೇರಿ, ಉಳಿತಾಯ ಮಾಡಿ, ಸಾಲ ಕೊಟ್ಟು ತೀರಿಸಿ, ಒಬ್ಬರ ಹೆರಿಗೆ ಇನ್ನೊಬ್ಬರ ಆಸ್ಪತ್ರೆ ನೋಡಿಕೊಳ್ಳುತ್ತಾರೆ. ಬೇರೆ ಧರ್ಮದ ಅಕ್ಕಂದಿರ ಮನೆಯೊಳಗಿನ ಆಚಾರಗಳ ಬಗ್ಗೆ ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕೇಳಿ ನೋಡಿ.

ಕೊನೆಯ ಪ್ರಶ್ನೆ: ಉಸ್ತಾದರು, ಪಾದ್ರಿಗಳು, ತಂತ್ರಿಗಳ ಸಭೆ. ಈಗ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ವೇದಿಕೆ, ಮೈಕು, ಶಾಲು ಬಂದ ಕೂಡಲೇ ಪ್ರತಿಯೊಬ್ಬರೂ ತಮ್ಮ ಧರ್ಮದ ಪ್ರತಿನಿಧಿಯಾಗಿ ನಿಲ್ಲಬೇಕಾಗುತ್ತದೆ. ಪ್ರತಿನಿಧಿಗೆ "ಇದು ನನಗೂ ಅರ್ಥವಾಗಿಲ್ಲ" ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ನಿಮ್ಮ ಜಗಲಿಯ ಬಲವೇ ಆ ಸ್ವಾತಂತ್ರ್ಯ. ಒಂದು ಮಳೆಗಾಲ ಕಳೆಯಲಿ. ಮಾತಾಡುತ್ತ ಹೋದಂತೆ ನಿಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಉಳಿಯುತ್ತವೆ. ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಅವರನ್ನು ತಲುಪುತ್ತದೆಯೇ, ಬಡ್ಡಿಯ ಬಗ್ಗೆ ಗ್ರಂಥ ಏನು ಹೇಳುತ್ತದೆ, ಹೀಗೆ. ಅವನ್ನು ಬರೆದಿಡಿ. ಆಮೇಲೆ ಒಂದು ಸಂಜೆಗೆ ಒಬ್ಬರನ್ನು ಮಾತ್ರ ಕರೆಯಿರಿ. ಸಭೆಗೆಂದು ಬೇಡ, ಚಾ ಕುಡಿಯಲು ಬನ್ನಿ ಎಂದು ಕರೆಯಿರಿ. ಪ್ರಶ್ನೆಗಳನ್ನು ಮೊದಲೇ ತಿಳಿಸಿ, ಅವರ ನಮಾಜಿನ, ಪೂಜೆಯ, ಇಗರ್ಜಿಯ ಬಲಿಪೂಜೆಯ ಹೊತ್ತು ಕೇಳಿಕೊಂಡು ಸಮಯ ಗೊತ್ತುಮಾಡಿ. ಉಸ್ತಾದರು ಬಂದ ದಿನ ಪ್ರಶ್ನೆ ಕೇಳುವ ಕೆಲಸ ನೀವು ಹಿಂದೂ, ಕ್ರೈಸ್ತ ಗೆಳೆಯರು ಮಾಡಿ, ಬ್ಯಾರಿ ಗೆಳೆಯರು ಆತಿಥ್ಯ ನೋಡಿಕೊಳ್ಳಲಿ. ತಂತ್ರಿಗಳು ಬಂದ ದಿನ ಆತಿಥ್ಯದ ಕೆಲಸ ನಿಮ್ಮದು. ಫೋಟೊ ತೆಗೆಯುವುದಾದರೆ ಅವರ ಒಪ್ಪಿಗೆ ಕೇಳಿ, ವಾಟ್ಸಾಪಿಗೆ ಮಾತ್ರ ಹಾಕಬೇಡಿ.